ಜಗಲಿಯ ಮೇಲೆ ಹಾಕಿದ ಎಲೆ

ಹೊಟ್ಟೆಕಿಚ್ಚಿನ ವಿಷಯ ಬರೆಯುವವರು ಸಾಮಾನ್ಯವಾಗಿ ಅದು ಬೇರೆ ಯಾರದ್ದೋ ಎನ್ನುವ ಹಾಗೆ ಬರೆಯುತ್ತಾರೆ. ನನಗೆ ಹಾಗೆ ಬರೆಯಲು ಬರುವುದಿಲ್ಲ. ದೋಣಿಗಲ್ಲಿನಲ್ಲಿ ಒಬ್ಬ ಹೆಂಗಸಿದ್ದಾಳೆ, ನನಗಿಂತ ಸ್ವಲ್ಪ ಚಿಕ್ಕವಳು. ಅವಳ ಮಗನೂ ಸೈನ್ಯದಲ್ಲಿದ್ದ, ನನ್ನ ಮಗನೂ ಸೈನ್ಯದಲ್ಲಿದ್ದ. ಇಬ್ಬರೂ ಒಂದೇ ದಿನ, ಒಂದೇ ಜಾಗದಲ್ಲಿ ಸತ್ತರು. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಮೇಲೂ ಹೊಟ್ಟೆಕಿಚ್ಚು ಪಡುವವರು ಇರುತ್ತಾರೆಯೇ ಎಂದು ಯಾರಾದರೂ ಕೇಳಿದರೆ, ಇದ್ದೇನೆ, ಆಲೂರು ತಾಲ್ಲೂಕು ಕುಂದೂರಿನ ಹತ್ತಿರ ಇದ್ದೇನೆ.

ವರ್ಷಕ್ಕೊಂದು ಸಲ ಆಲೂರು, ಸಕಲೇಶಪುರ ಎರಡೂ ತಾಲ್ಲೂಕಿನ ಮಾಜಿ ಸೈನಿಕರು ಸೇರಿ ಸಕಲೇಶಪುರದಲ್ಲಿ ಒಂದು ಕಾರ್ಯಕ್ರಮ ಮಾಡುತ್ತಾರೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕು, ಹಣ್ಣಿನ ಬುಟ್ಟಿ. ಹೋದ ವರ್ಷ ವೇದಿಕೆಯ ಮೇಲಿಂದ ಒಬ್ಬೊಬ್ಬರ ಹೆಸರು ಓದಿದರು. ಅವಳ ಹೆಸರಿನ ಹಿಂದೆ 'ವೀರಮಾತೆ' ಎಂದು ಸೇರಿಸಿದರು. ಅವಳು ಎದ್ದು, ಸೆರಗು ಸರಿ ಮಾಡಿಕೊಂಡು, ಅವಸರವಿಲ್ಲದೆ ಮೆಟ್ಟಿಲು ಹತ್ತಿ ಶಾಲು ಹೊದಿಸಿಕೊಂಡಳು. ಆಮೇಲೆ ನನ್ನ ಮಗನ ಹೆಸರು ಬಂತು. ಅದರ ಜೊತೆ ಓದಿದ್ದು ನನ್ನ ಹೆಸರಲ್ಲ, ನನ್ನ ಸೊಸೆಯದು. 'ವೀರನಾರಿ' ಎಂದು ಅವಳನ್ನು ಕರೆದರು. ಸೊಸೆಗೆ ಅವತ್ತು ಹಾಸನದಲ್ಲಿ ಕೆಲಸವಿತ್ತು, ಬಂದಿರಲಿಲ್ಲ. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಮೈಕಿನವರು ನನ್ನ ಕಡೆ ನೋಡಲೂ ಇಲ್ಲ, "ವೀರನಾರಿ ಬಂದಿಲ್ಲವಾ? ಸರಿ, ಮುಂದೆ" ಎಂದುಬಿಟ್ಟರು. ಅರ್ಧ ಎದ್ದವಳಿಗೆ ಕೂರುವುದೂ ಕಷ್ಟ, ನಿಲ್ಲುವುದೂ ಕಷ್ಟ. ನೀರು ಕುಡಿಯಲು ಎದ್ದವಳ ಹಾಗೆ ಹಿಂದಕ್ಕೆ ಹೋದೆ.

ಅಲ್ಲಿಂದ ನೋಡಿದರೆ ಅವಳು ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಆ ಮಡಚಿದ ರೀತಿಗೂ ನನಗೆ ಹೊಟ್ಟೆ ಉರಿಯಿತು.

ನಮ್ಮ ಹುಡುಗರಿಬ್ಬರೂ ಒಂದೇ ಭರ್ತಿಯಲ್ಲಿ ಆಯ್ಕೆಯಾದವರು, ಒಂದೇ ತುಕಡಿಗೆ ಹೋದವರು. ಭರ್ತಿಗೆ ಮುಂಚೆ ಪರಿಚಯವೇ ಇರಲಿಲ್ಲ. ಅಲ್ಲಿ ಹೋದ ಮೇಲೆ ಒಂದೇ ಕಡೆಯವರು ಎಂದು ಗಂಟು ಬಿದ್ದರು. ಫೋನ್ ಮಾಡಿದಾಗಲೆಲ್ಲ ಇವನು ಅವನ ಸುದ್ದಿ ಹೇಳುತ್ತಿದ್ದ. ಗಡಿಯ ಆ ಹಿಮದಲ್ಲಿ ಕೂತು ಇಬ್ಬರೂ ಗದ್ದೆ ಏಡಿಯ ಸಾರಿನ ಮಾತಾಡುತ್ತಿದ್ದರಂತೆ, ಯಾರ ಮನೆಯ ಸಾರು ಹೆಚ್ಚು ಖಾರ ಎಂದು ಜಗಳ ಬೇರೆ. ಹಿಮದ ಮೇಲೆ ನಡೆಯುವಾಗ ಜವಾನರು ಒಬ್ಬರಿಗೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋಗುತ್ತಾರೆ, ಒಬ್ಬ ಜಾರಿದರೆ ಮಿಕ್ಕವರು ಹಿಡಿಯಲಿ ಎಂದು. ಹಿಮ ಕುಸಿದ ದಿನ ಇಬ್ಬರೂ ಒಂದೇ ಹಗ್ಗದಲ್ಲಿದ್ದರು. ತೆಗೆದಾಗಲೂ ಹಾಗೇ ಇದ್ದರಂತೆ. ಮಂಗಳೂರಿನಿಂದ ಘಾಟಿ ಹತ್ತಿಸಿ ಎರಡು ಗಾಡಿಯಲ್ಲಿ ತಂದರು. ಒಂದು ದೋಣಿಗಲ್ಲಿನಲ್ಲಿ ನಿಂತಿತು, ಇನ್ನೊಂದು ನಮ್ಮೂರಿಗೆ ಬಂತು. ಬಾವುಟ ಒಂದೇ ತರಹದ್ದು, ಹಾರಿಸಿದ ಗುಂಡು ಒಂದೇ ತರಹದ್ದು. ಅಲ್ಲಿಯವರೆಗೆ ಸರ್ಕಾರ ಸರಿಸಮವಾಗಿಯೇ ನಡೆದುಕೊಂಡಿತು.

ವ್ಯತ್ಯಾಸ ಶುರುವಾದದ್ದು ಆಮೇಲೆ, ಅದಕ್ಕೆ ಕಾರಣ ಒಂದು ಮದುವೆ. ಸಾಯುವುದಕ್ಕೆ ಹಿಂದಿನ ವರ್ಷ ರಜೆಗೆ ಬಂದಾಗ ಹಟ ಹಿಡಿದು ನನ್ನ ಮಗನ ಮದುವೆ ಮಾಡಿದವಳು ನಾನು. "ಇನ್ನೊಂದು ವರ್ಷ ಹೋಗ್ಲಿ ಬುಡವ್ವ" ಎಂದು ಅವನು ಗೋಗರೆದ. ನಾನು ಕೇಳಲಿಲ್ಲ. ಹುಡುಗಿ ಚೆನ್ನಾಗಿದ್ದಳು, ಓದಿದ್ದಳು, ಬಿಟ್ಟರೆ ಸಿಗುವುದಿಲ್ಲ ಅನ್ನಿಸಿತು. ಮದುವೆಯಾದವನು ಸತ್ತರೆ ಹತ್ತಿರದ ವಾರಸುದಾರಳು ಹೆಂಡತಿ. ಪಿಂಚಣಿ, ಪರಿಹಾರ, ಬಸ್ಸಿನ ಪಾಸು, ವೇದಿಕೆಯ ಕುರ್ಚಿ ಎಲ್ಲ ಅವಳ ಕಡೆಗೆ ಹೋಗುತ್ತವೆ. ಮದುವೆಯಾಗದವನು ಸತ್ತರೆ ಅಪ್ಪ ಅಮ್ಮನ ಕಡೆಗೆ. ದೋಣಿಗಲ್ಲಿನವಳ ಮಗನಿಗೆ ಮದುವೆಯಾಗಿರಲಿಲ್ಲ. ಅಷ್ಟೇ ವಿಷಯ. ನಾನು ಹೆತ್ತದ್ದು ಅವಳು ಹೆತ್ತದ್ದಕ್ಕಿಂತ ಕಡಿಮೆಯಾಗಿ ಹೋಯಿತು.

ನಾನು ಆ ಮದುವೆ ಮಾಡದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬ್ರಹ್ಮಚಾರಿಯಾಗಿ ಸತ್ತ ಮಗನ ತಾಯಿಯನ್ನು ಕಂಡು ಅಸೂಯೆ ಪಡುವ ಮಟ್ಟಕ್ಕೆ ಬಂದೆನಲ್ಲ ಎಂದು ಬೇಜಾರೂ ಆಗಿದೆ. ಬೇಜಾರಾದರೂ ಅಸೂಯೆ ಹೋಗಲಿಲ್ಲ.

ಸೊಸೆ ಕೆಟ್ಟವಳು ಎಂದು ಯಾರೂ ತಿಳಿಯಬಾರದು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಿತ್ತು, ಊರಿಡೀ ಬೈದುಕೊಂಡು ತಿರುಗುತ್ತಿದ್ದೆ. ಅವಳು ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮಾವನ ಮಂಡಿ ನೋವಿಗೆ ಔಷಧಿ ಕಳಿಸುತ್ತಾಳೆ. ಹಬ್ಬಕ್ಕೆ ಇಷ್ಟು ಎಂದು ನನ್ನ ಕೈಗೆ ಕೊಡುತ್ತಾಳೆ. ಆದರೆ ಅದು ಅವಳು ಕೊಟ್ಟದ್ದು. ಅವಳು ಒಳ್ಳೆಯವಳಾದ್ದರಿಂದ ಬಂದದ್ದು. ನಾನು ಅಂಗನವಾಡಿಯಲ್ಲಿ ದುಡಿದವಳು, ಗಂಡನಿಗೆ ಒಂದಿಷ್ಟು ಕಾಫಿ ತೋಟ, ಗದ್ದೆ ಇದೆ; ಉಪವಾಸವೇನೂ ಬಿದ್ದಿಲ್ಲ. ನನಗೆ ಬೇಕಾದದ್ದು, ಈ ಮಗನನ್ನು ಹೆತ್ತವಳು ಇವಳು ಎಂದು ನನ್ನ ಹೆಸರಿಗೆ ಬರುವಂಥದ್ದು. ಸೊಸೆಗೆ ಇದನ್ನೇ ಹೇಳಿದೆ, ಅವಳು ಸಿಟ್ಟಾಗಲಿ ಎಂದೇ ಹೇಳಿದೆ. "ಕೇಳಿ ಅತ್ತೆ, ನಿಮ್ಮ ಹೆಸರಲ್ಲೇ ಬರಲಿ, ನನಗೂ ಮನಸ್ಸು ಹಗುರ ಆಗುತ್ತೆ" ಎಂದಳು. ಜಗಳಕ್ಕೆ ನಿಂತವಳಿಗೆ ಎದುರಾಳಿಯೇ ಇಲ್ಲದ ಹಾಗಾಯಿತು.

ಆಲೂರಿನಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಮಗನಿಗೆ ಮದುವೆಯಾಗಿರಲಿ, ಬಿಟ್ಟಿರಲಿ, ತೀರಿಕೊಂಡ ಸೈನಿಕರ ತಂದೆತಾಯಿಗೆ ಒಂದೇ ಸಮನಾದ ಸವಲತ್ತು ಕೊಡಬೇಕು ಎಂದು ಅವರು ಅರ್ಜಿ ಕೊಡುವವರಿದ್ದರು. ನನ್ನನ್ನು ಹಾಸನದ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋಗಿ ಮಾತಾಡಿಸುತ್ತೇನೆ ಎಂದರು. ಒಂದು ಸಲ ನಾನೇ ಹೋಗಿ ಬಂದಿದ್ದೆ. ಕೌಂಟರಿನಲ್ಲಿದ್ದವರು, "ರೂಲ್ಸಲ್ಲಿ ಹಾಗೆ ಅವಕಾಶ ಇಲ್ಲಮ್ಮ" ಎಂದು ತಲೆ ಎತ್ತದೆ ಹೇಳಿ ಕಳಿಸಿದ್ದರು. ಸುಬೇದಾರರು ಒಂದು ಮಾತು ಹೇಳಿದರು:

"ನೀವೊಬ್ರೇ ಬಂದ್ರೆ ಅತ್ತೆ ಸೊಸೆ ಜಗಳ ಅಂತಾರೆ ಕಣಮ್ಮ. ಎಲ್ಲ ಸಿಕ್ಕಿರೋ ತಾಯೀನೂ ಪಕ್ಕದಲ್ಲಿ ನಿಂತು ಇವ್ರಿಗೂ ಕೊಡಿ ಅಂದ್ರೆ ಅದ್ರ ತೂಕನೇ ಬೇರೆ. ದೋಣಿಗಲ್ ಅವ್ರನ್ನ ಕರ್ಕೊಂಡು ಬನ್ನಿ."

ಲೋಕದಲ್ಲಿ ಬೇರೆ ಯಾರನ್ನು ಬೇಕಾದರೂ ಕೇಳುತ್ತಿದ್ದೆ. ಮೂರ್ನಾಲ್ಕು ದಿನ ಮುಖ ದಪ್ಪ ಮಾಡಿಕೊಂಡಿದ್ದು ಕೊನೆಗೆ ಹೊರಟೆ.

ಸಕಲೇಶಪುರದಲ್ಲಿ ಬಸ್ಸು ಬದಲಿಸಿ ದೋಣಿಗಲ್ಲಿನಲ್ಲಿ ಇಳಿದೆ. ಹೆದ್ದಾರಿಯಲ್ಲಿ ಟ್ಯಾಂಕರ್ ಲಾರಿಗಳ ಸಾಲು, ರಸ್ತೆಯ ಬದಿಯೆಲ್ಲ ಕೆಸರು. ಅವರ ಮನೆಗೆ ಹೋಗುವ ಎಸ್ಟೇಟ್ ರಸ್ತೆಯ ತಿರುವಿನಲ್ಲಿ ಅವಳ ಮಗನ ಹೆಸರಿನ ಕಮಾನು. ಮಗನ ಹೆಸರಿನ ಕೆಳಗೆ ತಂದೆಯ ಹೆಸರು, ಅದರ ಕೆಳಗೆ ತಾಯಿಯ ಹೆಸರು, ಮೂರೂ ಒಂದೇ ಅಳತೆಯ ಅಕ್ಷರದಲ್ಲಿ. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಅದನ್ನು ಕಂಡು ಒಂದು ಚೂರು ಸಮಾಧಾನವಾಯಿತು.

ಅವತ್ತು ಅವರ ಮನೆಯಲ್ಲಿ ಹಿರಿಯರ ಹಬ್ಬ ಎಂದು ನನಗೆ ಗೊತ್ತಿರಲಿಲ್ಲ. ಪಿತೃಪಕ್ಷದಲ್ಲಿ ನಮ್ಮ ಕಡೆ ಒಂದೊಂದು ಮನೆಯವರು ಒಂದೊಂದು ದಿನ ಮಾಡುತ್ತಾರೆ, ನಮ್ಮದು ಅಮಾವಾಸ್ಯೆಗೆ. ತೀರಿಹೋದ ಹಿರಿಯರಿಗೆ ನಡುಮನೆಯಲ್ಲಿ ಸಾಲಾಗಿ ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಮನೆಯವರೆಲ್ಲ ಹೊರಗೆ ಬಂದು ಕೂರುತ್ತೇವೆ. ಒಳಗೆ ಹಿರಿಯರು ಉಣ್ಣುತ್ತಾರೆ. ನಾವು ನೋಡಬಾರದು.

ನಾನು ಹೋದಾಗ ಬಾಗಿಲು ಮುಚ್ಚಿತ್ತು. ಅಂಗಳದಲ್ಲಿ ಗಂಡಸರು ಕೂತಿದ್ದರು. ಅವಳು ಜಗಲಿಯ ಮೇಲೆ ಒಬ್ಬಳೇ, ಕೈಯಲ್ಲಿ ಕಾಫಿ ಗಿಡದ ಒಂದು ಕಡ್ಡಿ ಹಿಡಿದು ಕೂತಿದ್ದಳು. ಅವಳ ಮುಂದೆ ಒಂದು ಎಲೆ. ಎಲೆಯ ಮೇಲೆ ಕಡುಬು, ಕೋಳಿ ಸಾರು, ಏಡಿ ಹುರಿದದ್ದು, ಪಕ್ಕದಲ್ಲಿ ಮಡಚಿದ ಹೊಸ ಟೀ ಶರ್ಟು. ಎರಡು ಹೇಟೆ ಕೋಳಿಗಳು ಮೆಟ್ಟಿಲ ಹತ್ತಿರ ಹೊಂಚು ಹಾಕುತ್ತಿದ್ದವು.

"ಬಾರಕ್ಕ, ಇಲ್ಲೇ ಕುಂತ್ಕ" ಎಂದಳು. "ಈಗ ಒಳಿಕ್ಕೆ ಕರಿಯಂಗಿಲ್ಲ. ಹಿರೀಕ್ರು ಉಣ್ತಾವ್ರೆ."

"ಇದ್ಯಾರ ಎಲೆ?"

"ಅವಂದೇ ಕಣಕ್ಕ."

"ಇಲ್ಯಾಕ್ ಹಾಕಿದ್ದೀಯ?"

ಅವಳು ಕೋಳಿಗೆ ಕಡ್ಡಿ ಬೀಸಿದಳು. "ಮದ್ವೆ ಆಗ್ದೆ ಹೋದೋನು ಹಿರೀಕ ಆಗ್ತಾನಾ? ಒಳ್ಗೆ ಸಾಲ್ನಾಗೆ ಹಾಕಂಗಿಲ್ಲ ಅಂದ್ಬುಟ್ರು. ಅವ್ರೆಲ್ಲ ಬಾಗ್ಲು ಹಾಕ್ಕೊಂಡು ನಿಸೂರಾಗಿ ಉಣ್ತಾರೆ. ಇವ್ನು ಬೀದೀಲಿ ಉಣ್ಬೇಕು, ನಾನು ಕೋಳಿ ಓಡುಸ್ಬೇಕು."

ಈ ಪದ್ಧತಿ ನನಗೂ ಗೊತ್ತಿತ್ತು, ನಮ್ಮ ಕಡೆಯೂ ಇದೆ. ಆದರೆ ನನ್ನ ಮನೆಯಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ, ಆದ್ದರಿಂದ ನೆನಪೂ ಬಂದಿರಲಿಲ್ಲ. ಅವಳು ನನ್ನ ಮುಖವನ್ನು ನೇರ ನೋಡಿ ಹೇಳಿದಳು:

"ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ನಿನ್ ಕಂಡ್ರೆ ನಂಗೆ ಹೊಟ್ಟೆ ಉರೀತದೆ ಕಣಕ್ಕ. ನೀನು ಮಗನ್ಗೆ ಬಾಸಿಂಗ ಕಟ್ಟಿದ್ದು ಕಂಡೆ. ನಿನ್ ಮಗ ಅವ್ರ ತಾತನ ಪಕ್ಕ ಕುಂತ್ಕಂಡು ಉಣ್ತಾನೆ. ಆ ಶಾಮಿಯಾನದಾಗೆ ನಂಗೆ ಶಾಲು ಹೊದುಸ್ತಾರಲ್ಲ, ಆಗೆಲ್ಲ ನಂಗೆ ಇದೇ ಯೋಚ್ನೆ."

ನನಗೆ ಮೊದಲು ಆದದ್ದು ಸಂತೋಷ. ಸುಳ್ಳು ಹೇಳಿ ಏನು ಪ್ರಯೋಜನ? ಅಷ್ಟು ದಿನದಿಂದ ನಾನೊಬ್ಬಳೇ ಉರಿಯುತ್ತಿದ್ದೆ, ಈಗ ನನ್ನನ್ನು ಕಂಡು ಉರಿಯುವವಳೂ ಒಬ್ಬಳಿದ್ದಾಳೆ ಎಂದು ಗೊತ್ತಾಗಿ ಬೆನ್ನು ನೆಟ್ಟಗಾಯಿತು. ಆದರೆ ಆ ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಅವಳು ಮಾತಾಡುತ್ತಲೇ ಎಲೆಯ ಮೇಲೆ ಕೂತ ನೊಣ ಓಡಿಸಿದಳು, ಕಡುಬನ್ನು ಸ್ವಲ್ಪ ಒಳಗೆ ಸರಿಸಿದಳು. ಮಗ ಎದುರಿಗೇ ಕೂತು ಉಣ್ಣುವ ಹಾಗೆ. ನನ್ನ ಮಗ ಮುಚ್ಚಿದ ಬಾಗಿಲ ಹಿಂದೆ ಉಣ್ಣುತ್ತಾನೆ, ನಾನು ಇಣುಕಿಯೂ ನೋಡುವಂತಿಲ್ಲ. ಇವಳಿಗೆ ಇಲ್ಲೂ ಒಂದು ಕೈ ಹೆಚ್ಚೇ ಸಿಕ್ಕಿತಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.

ಬಂದ ಕೆಲಸ ಹೇಳಿದೆ. ಅರ್ಜಿ, ಹಾಸನದ ಕಚೇರಿ, ಅವಳು ಬಂದು ನನ್ನ ಪಕ್ಕ ನಿಲ್ಲಬೇಕಾದದ್ದು. ಅವಳು ಕೇಳಿಸಿಕೊಂಡಳು.

"ನಂಗೆ ಬರೋದ್ರಲ್ಲಿ ಕಿತ್ಕತಾರಾ?"

"ಇಲ್ವಂತೆ. ನಂಗೂ ಕೊಡಿ ಅಂತಷ್ಟೇ ಕೇಳೋದು."

"ಒಂದ್ಸಲ ಫೈಲು ಬಿಚ್ಚುದ್ರೆ ಎಲ್ಲಾರ್ದೂ ಬಿಚ್ತಾರೆ ಅಂತಾರೆ ನಮ್ಮೋರು" ಎಂದು ಅಂಗಳದ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ಅಕ್ಕ, ನಿಮ್ಮನೇಲಿ ಅಮಾಸೆಗಲ್ವಾ ಎಡೆ? ನಿನ್ ಮಗನ ಎಲೆ ಪಕ್ಕ ಇವಂಗೂ ಒಂದ್ ಎಲೆ ಹಾಕ್ತೀಯಾ? ಒಳ್ಗೆ? ಅವ್ರಿಬ್ರೂ ಒಂದೇ ಕಡೆ ಉಣ್ತಿದ್ದೋರು."

ನಾನು ಯೋಚಿಸಲೇ ಇಲ್ಲ, ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ನಮ್ಮಲ್ಲಿ ಹಂಗೆ ಮಾಡೋ ಪದ್ಧತಿ ಇಲ್ಲ ಕಣವ್ವ."

ಹೇಳಿದ ಮೇಲೆ ಆ ದನಿ ನನ್ನದಲ್ಲ ಅನ್ನಿಸಿತು. ಹಾಸನದ ಕೌಂಟರಿನಲ್ಲಿ ಕೇಳಿದ್ದೆನಲ್ಲ, ಅದೇ ರಾಗ. ತಲೆ ಎತ್ತದೆ ಹೇಳಿದ್ದೂ ಅದೇ ತರಹ. ನಾನು ಎಲೆಯ ಮೇಲಿನ ಏಡಿಯನ್ನು ನೋಡಿಕೊಂಡು ಹೇಳಿದ್ದೆ.

"ಹೋಗ್ಲಿ ಬುಡಕ್ಕ" ಎಂದಳು ಅವಳು. ಕಚೇರಿಗೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಬಾಗಿಲು ತೆಗೆದ ಮೇಲೆ ಊಟ ಮಾಡಿಕೊಂಡು ಹೋಗು ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಮನೆಗೆ ಬಂದು ಗಂಡನ ಮೇಲೆ ರೇಗಿದೆ, ಬೆಕ್ಕಿನ ಮೇಲೆ ರೇಗಿದೆ. ಕಚೇರಿಯ ಕೌಂಟರಿನವರನ್ನು ಅಷ್ಟು ದಿನ ಬೈದುಕೊಂಡಿದ್ದೆ, ಈಗ ಬೈಯಲು ನಾಲಿಗೆ ಬರುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಅಂಗನವಾಡಿಯಲ್ಲಿ ಅಷ್ಟು ವರ್ಷ ಮಕ್ಕಳಿಗೆ ಉಪ್ಪಿಟ್ಟು ಬಡಿಸಿದವಳು ನಾನು. ಒಬ್ಬನ ತಟ್ಟೆಗೆ ಅರ್ಧ ಸೌಟು ಕಡಿಮೆ ಬಿದ್ದರೆ ಎಷ್ಟು ರಂಪವಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು.

ಅಮಾವಾಸ್ಯೆಯ ಹಿಂದಿನ ದಿನ ಗದ್ದೆಯ ಬದುವಿನಲ್ಲಿ ಏಡಿ ಹಿಡಿಯುತ್ತಿದ್ದ ಗಂಡನ ಹತ್ತಿರ ಹೋಗಿ, ಈ ಸಲ ಒಂದು ಎಲೆ ಜಾಸ್ತಿ ಹಾಕುತ್ತೇನೆ ಎಂದೆ. ಯಾರಿಗೆ ಎಂದು ಕೇಳಿದರು. ಹೇಳಿದೆ.

"ತಲೆ ಕೆಟ್ಟೈತೇನೇ ನಿಂಗೆ? ಅವ್ರ ಕುಲ ಬೇರೆ, ನಮ್ಮ ಕುಲ ಬೇರೆ. ಅದ್ರ ಮೇಲೆ ಮದ್ವೆ ಆಗ್ದೋನು. ನಮ್ಮಪ್ಪ ಎಲೆ ಬುಟ್ಟು ಎದ್ದೋಯ್ತಾನೆ."

"ಹೋದ್ರೆ ಹೋಗ್ಲಿ ಕಣ್ರೀ. ಬದ್ಕಿದ್ದಾಗ್ಲೂ ಅರ್ಧ ಊಟಕ್ಕೆ ಎದ್ದೋಯ್ತಿದ್ದೋರೇ ತಾನೆ?"

ಅವರು ನಗಲಿಲ್ಲ. ಕೈಯಲ್ಲಿದ್ದ ಏಡಿಯನ್ನು ಬುಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದರು.

"ಒಂದೇ ಹಗ್ಗದಲ್ಲಿದ್ದೋರು ಕಣ್ರೀ" ಎಂದೆ. "ಸಾಯೋವಾಗ ಯಾರೂ ಬಂದು ನೀನು ಮದ್ವೆ ಆದೋನು ಇತ್ಲಾಗ್ ಬಾ, ನೀನು ಆಗ್ದೋನು ಅತ್ಲಾಗ್ ಹೋಗು ಅಂತ ಬಿಚ್ಲಿಲ್ಲ."

ಅವರು ಬುಟ್ಟಿಯ ಮುಚ್ಚಳ ಮತ್ತೆ ತೆಗೆದರು. ಆಮೇಲೆ, "ಹಂಗಾರೆ ಇನ್ನೊಂದೀಟು ಏಡಿ ಬೇಕಲ್ಲ" ಎಂದು ಬಗ್ಗಿದರು.

ಸಂಜೆ ದೋಣಿಗಲ್ಲಿಗೆ ಫೋನ್ ಮಾಡಿದೆ. ಮರುದಿನ ಅವಳು ಬಂದಳು. ಒಬ್ಬಳೇ, ಬಸ್ಸಿನಲ್ಲಿ, ಅದೇ ಟೀ ಶರ್ಟನ್ನು ಒಗೆದು ಇಸ್ತ್ರಿ ಮಾಡಿಸಿಕೊಂಡು. ಬಡಿಸುವಾಗ ನಾನು ಅಂಗನವಾಡಿಯ ಸೌಟಿನ ಲೆಕ್ಕದಲ್ಲೇ ಬಡಿಸಿದೆ. ಕಡುಬು ಸಮ, ಸಾರು ಸಮ. ಏಡಿ ಹಾಕುವಾಗ ಮಾತ್ರ ಕೈ ತಡೆಯಿತು. ಪಾತ್ರೆಯಲ್ಲಿ ಒಂದು ದೊಡ್ಡದಿತ್ತು, ಕೊಂಬೇ ಅಂಗೈಯಗಲ. ಅದನ್ನು ನನ್ನ ಮಗನ ಎಲೆಗೆ ಹಾಕಿದೆ. ಹಾಕಿ, ಮೇಲೊಂದು ಕಡುಬು ಮುಚ್ಚಿದೆ.

ದೀಪ ಹಚ್ಚಿ, ಕೈ ಮುಗಿದು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದೆವು. ಅವಳು ಜಗಲಿಯ ತುದಿಯಲ್ಲಿ ಕೂತಳು. ಕೈಯಲ್ಲಿ ಕಡ್ಡಿ ಇರಲಿಲ್ಲ. ಅಂಗಳದಲ್ಲಿ ನಮ್ಮ ಕೋಳಿಗಳು ಅವಳ ಕಾಲ ಹತ್ತಿರವೇ ಕೆದಕುತ್ತಿದ್ದವು, ಅವಳು ಸುಮ್ಮನೆ ನೋಡುತ್ತಿದ್ದಳು.

"ಇವತ್ತು ನಂಗೇನೂ ಕೆಲ್ಸಾನೇ ಇಲ್ವಲ್ಲಕ್ಕ" ಎಂದಳು. ಹಾಗೆಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ನನ್ನ ಗಂಡ ಎದ್ದು ತೋಟದ ಕಡೆ ಹೋದರು.

ಕಚೇರಿಯ ಮಾತನ್ನು ನಾನು ಎತ್ತಲಿಲ್ಲ. ಬಸ್ಸು ಹತ್ತುವಾಗ ಅವಳೇ, "ಹಾಸನಕ್ಕೆ ಯಾವತ್ತು ಹೋಗೋದು?" ಎಂದು ಕೇಳಿದಳು.

ಹೋದೆವು. ಸುಬೇದಾರರು ಅರ್ಜಿ ಹಿಡಿದು ಮುಂದೆ, ನಾವಿಬ್ಬರು ಹಿಂದೆ. ಈ ಸಲ ಕೌಂಟರಿನಲ್ಲಿ ಅಲ್ಲ, ಒಳಗೆ ಅಧಿಕಾರಿಯ ಮುಂದೆಯೇ ಕೂರಿಸಿದರು. ನಾನು ಏನು ಮಾತಾಡಬೇಕೆಂದು ವಾರಗಟ್ಟಲೆ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅಲ್ಲಿ ಕೂತ ಮೇಲೆ ಎಲ್ಲ ಹಿಂದೆ ಮುಂದೆಯಾಯಿತು. ಮದುವೆಯ ವಿಷಯ ಹೇಳಲು ಹೋಗಿ ಶಾಮಿಯಾನದ ವಿಷಯ ಹೇಳಿದೆ, ಅದನ್ನೂ ಪೂರ್ತಿ ಮಾಡಲಿಲ್ಲ. ಅಧಿಕಾರಿ ಒಳ್ಳೆಯವರೇ, ತಾಳ್ಮೆಯಿಂದ ಕೇಳಿದರು. ಆಮೇಲೆ ಅವಳ ಕಡೆ ತಿರುಗಿ, "ನಿಮಗೆ ಎಲ್ಲಾ ಬರ್ತಾ ಇದೆಯಲ್ಲಮ್ಮ? ಮತ್ತೆ ನೀವ್ಯಾಕೆ ಬಂದ್ರಿ?" ಎಂದರು.

ಅವಳು ಸ್ವಲ್ಪವೂ ತಡಮಾಡಲಿಲ್ಲ. "ನನ್ ಮಗ ಇವ್ರ ಮನೇಲಿ ಉಣ್ತಾನೆ ಸಾ" ಎಂದಳು.

ಅಧಿಕಾರಿಗೆ ಅರ್ಥವಾಗಲಿಲ್ಲ. ಸುಬೇದಾರರ ಮುಖ ನೋಡಿದರು. ಸುಬೇದಾರರು ಕನ್ನಡಕ ತೆಗೆದು ಒರೆಸುತ್ತಿದ್ದರು. ಅವಳು ಹೇಳಬೇಕಾದ್ದೆಲ್ಲ ಹೇಳಿಯಾಯಿತು ಎನ್ನುವ ಹಾಗೆ ಕೂತಳು. ಅಧಿಕಾರಿ ಅರ್ಜಿಯನ್ನು ಇನ್ನೊಂದು ಸಲ ಓದಿ, ತಮ್ಮ ಕೈಯಲ್ಲಿ ಇಲ್ಲ, ಆದರೆ ಮೇಲಕ್ಕೆ ಬರೆದು ಕಳಿಸುತ್ತೇನೆ ಎಂದರು. ಕಳಿಸಿದ್ದಾರಂತೆ. ಇನ್ನೂ ಉತ್ತರ ಬಂದಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಅವಳೇ ಹಿಡಿದಳು. ನನಗೆ ಮೈಯೆಲ್ಲ ಉರಿ. ಹೆತ್ತವಳು ನಾನು, ಎಲೆ ಹಾಕಿದವಳು ನಾನು, ಗಂಡನ ಹತ್ತಿರ ಜಗಳವಾಡಿದವಳು ನಾನು. ಹೇಳಬೇಕಾದ ಮಾತು ಮಾತ್ರ ಅವಳ ಬಾಯಿಗೆ ಹೋಗಿ ಕೂತಿತಲ್ಲ! ಆಲೂರು ಹತ್ತಿರ ಬಂತು. ನಾನು ಇಳಿಯಲು ಚೀಲ ತೆಗೆದುಕೊಳ್ಳುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಅಕ್ಕ, ಅವತ್ತು ದೊಡ್ಡ ಏಡಿ ನಿನ್ ಮಗನ ಎಲೇಲಿತ್ತು."

ಚೀಲ ಹೆಗಲಿಗೇರಿಸಿಕೊಂಡೆ. "ನೋಡಿದ್ಯಾ?"

"ಹೆತ್ತೋಳು ನೋಡ್ದೆ ಇರ್ತಾಳಾ? ಕಡುಬು ಮುಚ್ಚಿದ್ದೂ ನೋಡ್ದೆ. ಬರೋ ವರ್ಷ ಅದು ನನ್ ಮಗನ್ಗೆ."

ಆಯಿತು ಎಂದು ಇಳಿದೆ. ಕೊಡುತ್ತೇನೋ ಇಲ್ಲವೋ, ಏಡಿಯ ಗಾತ್ರ ನೋಡಿ ಹೇಳಬೇಕು.